ದಿವಂಗತೆಗೊಂದು ಹಾಡು

ಗಿಟಾರನ್ನು ಎದೆಗೊತ್ತಿಕೊಂಡು ಅವನು ಮೆಲುದನಿಯಲ್ಲಿ ಹೇಳಿದ: “ಕ್ಯಾನ್ಸರ್ ನನ್ನ ವಸುಮತಿಯನ್ನು ಕಸಿದುಕೊಂಡ ದಿನ ಬರೆದ ಹಾಡಿದು.”

ಸಭಾಂಗಣವೇ ನಿಟ್ಟುಸಿರಿಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಮಾತ್ರ ಹುಬ್ಬು ಗಂಟಿಕ್ಕಿ ಅವನನ್ನೇ ದಿಟ್ಟಿಸಿದಳು. ಹಾಡಿನ ನಡುವೆ ಅವನ ಗಂಟಲು ಕಟ್ಟಿತು. ಟಿವಿಯಲ್ಲಿ ಹಾಡಿದಾಗಲೂ ಸರಿಯಾಗಿ ಅದೇ ಪದಕ್ಕೆ ಕಟ್ಟಿತ್ತು.

ಪಕ್ಕದ ಹುಡುಗಿ ಬಿಕ್ಕುತ್ತಾ, “ಹೆಂಡ್ತೀನ ಎಷ್ಟು ಪ್ರೀತಿಸ್ತಿದ್ರಲ್ವಾ ಆಂಟಿ?” ಎಂದಳು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕಾರ್ಯಕ್ರಮ ಮುಗಿದ ಮೇಲೆ ಅವಳು ನೇರವಾಗಿ ವೇದಿಕೆಯ ಹಿಂದಿನ ಕೋಣೆಗೆ ಹೋದಳು. ಮೇಕಪ್ ಒರೆಸಿಕೊಳ್ಳುತ್ತಿದ್ದವನು ಕನ್ನಡಿಯಲ್ಲಿ ಅವಳನ್ನು ಕಂಡು ಬೆಚ್ಚಿಬಿದ್ದು, ಎದ್ದು ಬಾಗಿಲ ಚಿಲಕ ಹಾಕಿದ.

“ನನಗೆ ಕ್ಯಾನ್ಸರ್ ಯಾವಾಗ ಬಂತು?” ಎಂದು ಕೇಳಿದಳು ವಸುಮತಿ.

“ಮೆಲ್ಲಗೆ ಮಾತಾಡೇ. ನೀನು ನನ್ನ ಬಿಟ್ಟುಹೋದೆ ಅಂತಲೇ ಮೊದಲು ಬರೆದು ಹಾಡಿದ್ದೆ. ಒಬ್ಬರೂ ಕೇಳಲಿಲ್ಲ.”

“ಥೂ! ನಾಚಿಕೆ ಆಗಲ್ವಾ ನಿನಗೆ? ನಾಳೆನೇ ಎಲ್ಲರಿಗೂ ಹೇಳ್ತೀನಿ.”

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಈಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ನಿನ್ನ ದಮ್ಮಯ್ಯ ವಸು, ಹೊಸ ಆಲ್ಬಂ ಬರೋವರೆಗೆ ಸತ್ತೇ ಇರು.”