ಹುತಾತ್ಮನಿಗೆ ಸ್ನಾನವಿಲ್ಲ

ಹೆಣದ ಮೇಲೆ ಬಿಗಿದಿದ್ದ ಧ್ವಜದ ಗಂಟಿಗೆ ಮುದುಕ ಕೈ ಹಾಕಿದ. ಹೈಸಮ್ ಅವನ ಮಣಿಕಟ್ಟನ್ನು ಹಿಡಿದುಕೊಂಡ.

"ಬಿಡಿ ಹಾಜಿ. ಹುತಾತ್ಮನಿಗೆ ಸ್ನಾನ ಇಲ್ಲ. ನಿಮಗೆ ನಾನು ಹೇಳಿಕೊಡಬೇಕಾ?"

ಹೋಮ್ಸ್ ಪಟ್ಟಣದ ಆ ಓಣಿಯಲ್ಲಿ ಸತ್ತವರನ್ನೆಲ್ಲ ತೊಳೆದು ಕಳಿಸಿದವನು ಈ ಮುದುಕ, ಅಬೂ ದುರೈದ್. ಬಿಸಿನೀರು, ಕರ್ಪೂರ, ಬೋರೆ ಎಲೆಯ ಪುಡಿ ಎಲ್ಲ ಹೊತ್ತುಕೊಂಡೇ ಬಂದಿದ್ದ.

"ಗಾಯ ಆದ್ಮೇಲೆ ಮಾತಾಡಿದ್ನಾ? ನೀರು ಗೀರು ಕೇಳಿದ್ನಾ? ನೀರು ಕುಡಿದು ಸತ್ತಿದ್ರೆ ತೊಳೀಲೇಬೇಕಾಗತ್ತೆ ಮಗಾ."

"ಒಂದು ಹನಿ ಕುಡೀಲಿಲ್ಲ. ನನ್ನ ಕೈಯಲ್ಲೇ ಪ್ರಾಣ ಬಿಟ್ಟ."

ಮುದುಕ ಹೆಣದ ದವಡೆ ಒತ್ತಿ ನೋಡಿದ. "ಇಷ್ಟು ಬೇಗ ಸೆಟೆದುಕೊಂಡಿದಾನಲ್ಲ?"

"ಈ ಊರಲ್ಲಿ ಯಾವುದು ತಾನೇ ಹೊತ್ತು ನೋಡಿ ಆಗ್ತಿದೆ, ಹಾಜಿ?"

ಕತ್ತಲಾಗುವುದರೊಳಗೆ ಕುತೈಬಾ ಮಣ್ಣು ಸೇರಬೇಕಿತ್ತು. ಭದ್ರತಾ ಪಡೆಯವರು ಹೆಣ ಕಸಿದುಕೊಂಡರೆ ಮುಗಿಯಿತು, ತಾಯಿಗೆ ಒಂದು ಗೋರಿಯೂ ಉಳಿಯುತ್ತಿರಲಿಲ್ಲ. ಹೈಸಮ್‌ಗೆ ಇದ್ದದ್ದು ಅದೊಂದೇ ಧ್ಯಾನ. ಮಧ್ಯಾಹ್ನ ಮೆರವಣಿಗೆಯ ಮೇಲೆ ಗುಂಡು ಹಾರುತ್ತಿದ್ದಾಗ ಹೆಣವನ್ನು ಉಣ್ಣೆ ಪೇಟೆಯಿಂದ ಒಬ್ಬನೇ ಹೆಗಲ ಮೇಲೆ ಹೊತ್ತು ತಂದವನು ಅವನು. ಅಂಗಿಯ ಎರಡು ತೋಳೂ ರಕ್ತ ಒಣಗಿ ಗಟ್ಟಿಯಾಗಿದ್ದವು. ಬದಲಾಯಿಸಿರಲಿಲ್ಲ.

ಕುತೈಬಾನ ತಾಯಿ ಉಮ್ಮ್ ಕುತೈಬಾ ಒಳಗಿನಿಂದ ಬಂದಳು. ಅವಳ ಎದೆಹಾಲು ಕುಡಿದು ಬೆಳೆದವರು ಇಬ್ಬರು: ಕುತೈಬಾ, ಮತ್ತು ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡ ಪಕ್ಕದ ಮನೆಯ ಹೈಸಮ್.

"ಒಂದು ಸಲ ಬಿಚ್ಚೋ. ಎಲ್ಲಿ ತಗಲ್ತು, ನೋಡ್ತೀನಿ."

"ಬೇಡಮ್ಮಾ. ಅವನ ರಕ್ತವೇ ನಾಳೆ ದೇವರ ಮುಂದೆ ಸಾಕ್ಷಿ ಹೇಳತ್ತೆ. ಒರೆಸೋದು ಬೇಡ."

ಅವಳು ಅವನ ತೋಳಿನ ರಕ್ತಕ್ಕೆ ಮುತ್ತಿಟ್ಟಳು. ಹೈಸಮ್ ಅಳತೊಡಗಿದ. ಅದು ನಟನೆಯ ಅಳುವಲ್ಲ.

ಮೂಲೆಯಲ್ಲಿ ಟಿವಿ ಕೂಗುತ್ತಿತ್ತು. ಉಣ್ಣೆ ಪೇಟೆಯ ಕಡೆ ನಮ್ಮ ಪಡೆ ಹೆಜ್ಜೆಯನ್ನೇ ಇಟ್ಟಿಲ್ಲ, ಸತ್ತವನನ್ನು ಕೊಂದವರು ಶಸ್ತ್ರಧಾರಿ ಗುಂಪಿನವರು ಎಂದು ಸರ್ಕಾರಿ ವಾಹಿನಿಯ ಹೆಣ್ಣುಮಗಳು ಸುದ್ದಿ ಓದಿದಳು.

"ಓಹೋ! ನಮ್ಮಜ್ಜಿಯ ಕತ್ತೆ ಮೊನ್ನೆ ಸತ್ತಿತಲ್ಲ, ಅದನ್ನೂ ಶಸ್ತ್ರಧಾರಿಗಳೇ ಕೊಂದಿದ್ದು!" ಎಂದ ಬೇಕರಿಯ ನವ್ರಸ್. ಸಾವಿನ ಮನೆಯಲ್ಲೂ ಜನ ನಕ್ಕರು. ಆಮೇಲೆ ನವ್ರಸ್ ಹೈಸಮ್‌ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಇವತ್ತು ಮುಂದಿನ ಸಾಲಲ್ಲಿ ಕುತೈಬಾ ಕಾಣ್ಲೇ ಇಲ್ಲ ಕಣಣ್ಣ. ಹಿಂದೆಲ್ಲೋ ಇದಾನೆ ಅನ್ಕೊಂಡಿದ್ದೆ. ನೀನು ಹೇಳಿದ್ದೇ ಸರಿ. ಬರಿಗೈ ತೋರಿಸಿದ್ರೆ ಇವರಿಗೆ ಅರ್ಥ ಆಗಲ್ಲ."

"ಅವನೆದುರು ಆ ಮಾತು ಬೇಡ," ಎಂದ ಹೈಸಮ್.

ಪ್ರತಿ ಶುಕ್ರವಾರ ಕುತೈಬಾ ಬಂದೂಕುಗಳ ಎದುರು ಎರಡೂ ಅಂಗೈ ಬಿಚ್ಚಿ ನಿಲ್ಲುತ್ತಿದ್ದ. ಕಲ್ಲು ಎತ್ತಿಕೊಂಡ ಹುಡುಗರ ಕೆನ್ನೆಗೆ ಹೊಡೆಯುತ್ತಿದ್ದ. "ಅವರಿಗೆ ಬೇಕಾಗಿರೋದೇ ಅದು, ಕತ್ತೆಗಳಾ" ಎನ್ನುತ್ತಿದ್ದ. ಓಣಿ ಅವನ ಮಾತು ಮೀರುತ್ತಿರಲಿಲ್ಲ.

ಶವಪೆಟ್ಟಿಗೆ ಹೊರಟಿತು. ಹಿಂದೆ ಇಡೀ ಓಣಿ, ಅದರ ಹಿಂದೆ ಪಕ್ಕದ ಓಣಿಗಳು. "ಪ್ರಾಣ ಕೊಟ್ಟೇವು, ರಕ್ತ ಕೊಟ್ಟೇವು ನಿನಗೆ, ಹುತಾತ್ಮನೇ!" ವೃತ್ತದಲ್ಲಿ ಸೈನಿಕರು ಅಡ್ಡ ನಿಂತಿದ್ದರು. ಅಧಿಕಾರಿ ಧ್ವನಿವರ್ಧಕ ಎತ್ತಿದ.

"ಇವನನ್ನು ನಾವು ಕೊಂದಿಲ್ಲ! ಹೆಣ ಕೊಡಿ, ನಮ್ಮ ಡಾಕ್ಟರು ನೋಡಲಿ, ವಾಪಸ್ ಕೊಡ್ತೀವಿ!"

"ತೋಳ ಕುರಿಗೆ ಪಂಚನಾಮೆ ಮಾಡತ್ತಂತೆ!" ಯಾರೋ ಕೂಗಿದರು.

ಅಬೂ ದುರೈದ್ ಹೈಸಮ್‌ನ ತೋಳು ಹಿಡಿದ. "ತಡೆಯೋ. ನಾನೇ ಬಿಚ್ಚಿ ತೋರಿಸ್ತೀನಿ. ಅವರ ಗುಂಡು ಅವರಿಗೇ ಕಾಣ್ಲಿ. ಹಿಂದೆ ಹೆಂಗಸರಿದಾರೆ, ಮಕ್ಕಳಿದಾರೆ."

"ನಡೀರಿ!" ಹೈಸಮ್ ಅರಚಿ ಪೆಟ್ಟಿಗೆಯನ್ನು ಮುಂದಕ್ಕೆ ನೂಕಿದ.

ಮೊದಲ ಗುಂಡು ಅಬೂ ದುರೈದ್‌ನ ಕತ್ತು ಸೀಳಿತು. ಮುದುಕ ಹೈಸಮ್‌ನನ್ನೇ ನೋಡುತ್ತ ಕುಸಿದ. ಆಮೇಲೆ ಲೆಕ್ಕವಿಲ್ಲ. ಪೆಟ್ಟಿಗೆ ಹೊತ್ತ ಒಬ್ಬನ ದವಡೆ ಹಾರಿಹೋಯಿತು. ಇನ್ನೊಬ್ಬ ಹೊಟ್ಟೆ ಹಿಡಿದು ಕುಳಿತ, ಏಳಲಿಲ್ಲ. ಬಿದ್ದವರ ಹೆಗಲ ಜಾಗಕ್ಕೆ ಬೇರೆಯವರ ಹೆಗಲು ಬಂತು. ಒಬ್ಬ ಹೆಂಗಸು ತನ್ನ ಮಗಳ ತಲೆಯ ತೂತನ್ನು ಅಂಗೈಯಿಂದ ಮುಚ್ಚಿಕೊಂಡು "ಏನಾಗಿಲ್ಲ, ಏನಾಗಿಲ್ಲ" ಎನ್ನುತ್ತ ಓಡುತ್ತಿದ್ದಳು. ಜನ ಹೆಣಗಳ ಮೇಲೆ ಜಾರಿ ಬಿದ್ದರು. ಪೆಟ್ಟಿಗೆ ವಾಲಿತು, ನೆಲ ಮುಟ್ಟಲಿಲ್ಲ. ಹೈಸಮ್ ಬಿಡಲಿಲ್ಲ.

ಸ್ಮಶಾನದ ದಾರಿ ಕಟ್ಟಿಹೋಗಿತ್ತು. ಮಕ್ಕಳಾಡುವ ಉದ್ಯಾನದಲ್ಲೇ ಅಗೆದರು. ರಕ್ತದ ಬಟ್ಟೆಯ ಸಮೇತ ಕುತೈಬಾನನ್ನು ಬಲ ಮಗ್ಗುಲಿಗೆ ಮಲಗಿಸಿದರು. ಮಣ್ಣು ಎಳೆದರು. ಪಕ್ಕದಲ್ಲೇ ಅಬೂ ದುರೈದ್, ಅವನ ಪಕ್ಕ ಆ ಹುಡುಗಿ. ಅವರಿಗೂ ಸ್ನಾನವಿಲ್ಲ.

ಹೈಸಮ್ ದೀರ್ಘವಾಗಿ ಉಸಿರು ಬಿಟ್ಟ.

ಗೋರಿ ಮುಚ್ಚಿದ ಕೈಗಳಲ್ಲೇ ನವ್ರಸ್ ಅವನ ಕೊರಳಪಟ್ಟಿ ಹಿಡಿದ. "ಸಾಕಣ್ಣ, ಬರಿಗೈ ಸಾಕು. ನಿನ್ನ ಹತ್ರ ಸಾಮಾನು ಬಂದಿದೆ ಅಂತ ಕೇಳಿದೀನಿ. ಎಲ್ಲಿ?"

ಸುತ್ತ ಹತ್ತಾರು ಜನ. ಹೋದ ವಾರ ಕುತೈಬಾನ ಪಕ್ಕ ಅಂಗೈ ಬಿಚ್ಚಿ ನಿಂತಿದ್ದವರೇ.

"ನನ್ನ ಉಣ್ಣೆ ಮಳಿಗೆಯಲ್ಲಿದೆ," ಎಂದ ಹೈಸಮ್. "ಬನ್ನಿ."

ಮಳಿಗೆಯ ಬಾಗಿಲು ತೆರೆದ. ಉಣ್ಣೆಯ ಮೂಟೆಗಳೊಳಗಿಂದ ಬಂದೂಕುಗಳು ಒಂದೊಂದಾಗಿ ಹೊರಬಂದವು. ಹುಡುಗರು ಹೊಸ್ತಿಲ ಮೇಲಿದ್ದ ಕಪ್ಪು ಕಲೆ ತುಳಿದುಕೊಂಡು ಒಳಗೆ ನುಗ್ಗಿದರು. ಯಾರೂ ಕೆಳಗೆ ನೋಡಲಿಲ್ಲ.

ಅಂದು ಬೆಳಿಗ್ಗೆ, ಊರಲ್ಲಿ ಇನ್ನೂ ಒಂದು ಗುಂಡೂ ಹಾರದ ಹೊತ್ತಿನಲ್ಲಿ, ಕುತೈಬಾ ಆ ಹೊಸ್ತಿಲಿಗೆ ಅಡ್ಡ ನಿಂತು, "ಇವು ಹೊರಗೆ ಹೋಗಬೇಕಂದ್ರೆ ನನ್ನ ಹೆಣ ದಾಟಿ ಹೋಗ್ಲಿ" ಎಂದಿದ್ದ. ಹೈಸಮ್ ಕೈಯಲ್ಲಿ ಮೂಟೆಯ ಹಗ್ಗ ಕೊಯ್ಯುವ ಚೂರಿ ಇತ್ತು.