ಕಸದ ಚೀಲಗಳ ಒಡತಿ

ಆ ಕಾಲದಲ್ಲಿ ಕಸದ ಚೀಲಗಳು ತುಂಬಿದ ಕೂಡಲೇ ತಾವೇ ಎದ್ದು ಊರಾಚೆಯ ತಿಪ್ಪೆಗೆ ನಡೆದುಹೋಗುತ್ತಿದ್ದವು. ಮನೆಮನೆಗೂ ಬೇಕಾಗುವ ವಸ್ತುವೆಂದು ಹುಬ್ಬಳ್ಳಿಯ ನೀಲವ್ವ ತನ್ನ ಬಳೆ ಅಂಗಡಿಯ ಉಳಿತಾಯವನ್ನೆಲ್ಲ ಆ ಚೀಲದ ಕಂಪನಿಯ ಷೇರಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಓಣಿಯ ಚೀಲಗಳೆಲ್ಲ ಅವಳ ಅಂಗಳದಲ್ಲಿ ಸಾಲಾಗಿ ನಿಂತಿದ್ದವು.

"ಏನ್ರೀ ಇದು? ನಮ್ಮನಿಗ್ಯಾಕ ಬಂದಾವು?" ಎಂದು ಗಂಡನನ್ನು ಕೂಗಿದಳು.

"ಷೇರು ತಗೊಂಡಿಯಲ್ಲ, ಈಗ ನೀನ ಅವುಗಳ ಒಡತಿ. ಅಪ್ಪಣಿ ಕೇಳಾಕ ಬಂದಿರಬೇಕು," ಎಂದ ಗುರುಸಿದ್ದಪ್ಪ.

ನೀಲವ್ವ, ಬಾಗಿಲಿಗೆ ಬಂದ ಯಾರಿಗಾದರೂ ಹೇಳುವಂತೆ ಕೈಮುಗಿದು, "ಹೋಗಿ ಬರ್ರಿ," ಎಂದಳು. ಚೀಲಗಳು ಕಟ್ಟಿದ ಕೊರಳು ಬಾಗಿಸಿ ಹೊರಟವು.

ಸಂಜೆಗೆ ಅಷ್ಟೂ ಚೀಲಗಳು ಗಬ್ಬು ನಾರುತ್ತ ತಿರುಗಿ ಬಂದವು. ಓಣಿಯವರು ಮೂಗು ಮುಚ್ಚಿಕೊಂಡೇ ಜಗಳಕ್ಕೆ ನಿಂತರು.

"ಬರ್ರಿ ಅಂದ್ರ ಬರದ ಏನ್ ಮಾಡ್ತಾವು? ಬರೇ ಹೋಗ್ರಿ ಅನ್ನು," ಎಂದು ಗಂಡ ಗದರಿಸಿದ.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿದ್ದ ಪುಟ್ಟ ಚೀಲವೊಂದು ನಡೆದು ನಡೆದು ಸಾಕಾಗಿ ಹೊಸ್ತಿಲಿಗೆ ಒರಗಿತು. ಆ ಮಾತು ನಾಲಿಗೆಗೆ ಬರಲೇ ಇಲ್ಲ.

"ದಣದೀರಿ, ಒಳಗ ಬರ್ರಿ," ಎಂದುಬಿಟ್ಟಳು.