ಟವೆಲ್ಲಿನ ಕೆಳಗಿನ ವ್ಯಾಪಾರ

ಮಾತಿನ ಹಾಗೆ ಸ್ಪರ್ಶವೂ ಫೋನಿನಲ್ಲಿ ಹೋಗಿಬರುವ ಕಾಲ. ಹೆಂಗಸರು ಮನೆಯಲ್ಲೇ ಕೂತು ದೂರದ ಅಂಗಡಿಯ ಸೀರೆಯನ್ನು ಮುಟ್ಟಿ ನೋಡಿ ಕೊಳ್ಳುತ್ತಿದ್ದರು. ದನದ ದಲಾಲರ ಸಂಘ ಮಾತ್ರ ಆನ್‌ಲೈನ್ ಅಂದರೆ ಮುಖ ತಿರುಗಿಸುತ್ತಿತ್ತು. ಅಧಿಕಾರಿಗಳು ಭಾಷಣ ಬಿಗಿದರು, ಪಕ್ಕದ ಪೇಟೆಯವರು ಮುಂದೆ ಹೋದರು. ಸಂಘದ ಹಿರಿಯ ಫಕ್ಕೀರಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಹೇಳುವವನು, ಪರದೆಯ ಮೇಲೆ ಊರಿಗೆಲ್ಲ ಕಾಣುವ ಹಾಗೆ ಹೇಳುವುದೆಂದರೇನು?

ಸ್ಪರ್ಶದ ಫೋನು ಮಾಡುವ ಕಂಪನಿಯ ನಸೀಮಾ ಭಾಷಣ ಮಾಡಲಿಲ್ಲ. ಸಂತೆಯಲ್ಲಿ ದಿನವಿಡೀ ಕೂತು ನೋಡಿದಳು, ಬೆರಳಿನ ಲೆಕ್ಕವನ್ನೂ ಕಲಿತಳು. ಆಮೇಲೆ ಬೆರಳಿನ ಹಿಡಿತವನ್ನು ಆಚೆಯವರ ಕೈಗೆ ಮುಟ್ಟಿಸುವ, ಟವೆಲ್ಲಿನ ಕೆಳಗಿಡುವ ಮೆತ್ತನೆಯ ಹಲಗೆಯೊಂದನ್ನು ಮಾಡಿಸಿ ಕಳಿಸಿದಳು. ಸಂಘ ಅವತ್ತೇ ಒಪ್ಪಿತು.

ಇಂದು ಹೊಳೆಯ ಸೇತುವೆ ಕೊಚ್ಚಿಹೋಗಿ ಕೊಳ್ಳುವವರು ಒಬ್ಬರೂ ಬಂದಿರಲಿಲ್ಲ. ಮಗಳ ಆಪರೇಷನ್ನಿಗೆಂದು ಎತ್ತು ಮಾರಲು ಬಂದ ಕಾಶವ್ವ ಅಳುಮುಖ ಮಾಡಿ ನಿಂತಿದ್ದಳು. ಫಕ್ಕೀರಪ್ಪ ಹಲಗೆಯ ಮೇಲೆ ಟವೆಲ್ ಹೊದಿಸಿ ಕೈ ತೂರಿಸಿದ. ಹೊಳೆಯಾಚೆಯ ರೈತನ ಒರಟು ಬೆರಳು ಅವನ ಬೆರಳನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ವ್ಯಾಪಾರ ಕುದುರಿತು.

ಕಾಶವ್ವ ಹೊರಟುಹೋದಮೇಲೆ ಅವನು ನಸೀಮಾಗೆ ಫೋನು ಹಚ್ಚಿದ. "ಬಾಯಾರ, ನಿಮ್ಮ ಹಲಗೀ ಮ್ಯಾಲ ಒಂಚೂರು ಕೈ ಇಡ್ರಿ."

ಅವಳು ಇಟ್ಟಳು. ಫಕ್ಕೀರಪ್ಪ ಟವೆಲ್ಲಿನ ಕೆಳಗೆ ಎರಡೂ ಕೈಯಿಂದ ಅವಳ ಕೈಯನ್ನು ಒತ್ತಿ ಹಿಡಿದ.

"ಇದ್ಯಾವ ದರ ಫಕ್ಕೀರಪ್ಪನವರೆ? ನಾನು ಕಲಿತದ್ದರಲ್ಲಿ ಇದಿಲ್ಲ."

"ದರ ಅಲ್ರಿ ಬಾಯಾರ. ಇದು ಮುಚ್ಚಿ ಹೇಳೂದಲ್ಲ," ಎಂದವನೇ, ಸಂತೆಯೆಲ್ಲ ನೋಡುತ್ತಿದ್ದಂತೆ ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡ.